ಗೋಮತಿಯ ಗಂಟಲೂ ನನ್ನ ಹಬೆಯಂತ್ರವೂ

೧೯೫೮ನೆಯ ಇಸವಿ ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಮಡಿಕೇರಿಯ ವಾಯುಮಂಡಲದ ಮೇಲೆ ಯುದ್ಧ ಸಾರಿದೆ! ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಅಂದಿಗೆ ಒಂದು ವರ್ಷ, ಮೂರು ತಿಂಗಳು, ಎರಡು ದಿನ. ಸರ್ಕಾರವೇ ಬದಲಾಗಬಹುದಾದರೆ ನನ್ನ ಮನೆಯ ಒಣ ಗಾಳಿ ಬದಲಾಗಬಾರದೇ? ಮೂವತ್ತೊಂದು ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದವನಿಗೆ ಗಾಳಿಗೆ ನೀರು ಕುಡಿಸುವುದು ಯಾವ ಮಹಾ ಕೆಲಸ!

ಯುದ್ಧಕ್ಕೆ ಕಾರಣವಿತ್ತು. ನನ್ನ ಪತ್ನಿ ಗೋಮತಿ ಜನವರಿ ೨೦ರಂದು ಏಳು ನಲವತ್ತರ ಬಸ್ಸಿನಲ್ಲಿ ಮೂರ್ನಾಡಿನ ತಮ್ಮನ ಮನೆಗೆ ಹೊರಟುಹೋಗಿದ್ದಳು.

"ಈ ಮನೇಲಿ ಗಂಟಲು ಒಣಗ್ತದೆ. ಹೂಮಳೆ ಬಿದ್ದ ಮೇಲೆ ಬರ್ತೇನೆ" ಎಂದಷ್ಟೇ ಹೇಳಿದ್ದಳು.

ಕಾಫಿ ಗಿಡಗಳನ್ನು ಅರಳಿಸುವ ಆ ಮೊದಲ ಮಳೆ ಮಾರ್ಚಿಯಲ್ಲಿ ಬೀಳಬಹುದು, ಏಪ್ರಿಲಿನಲ್ಲೂ ಬೀಳಬಹುದು. ಕಾಫಿ ಗಿಡ ಕಾಯಬಲ್ಲದು, ನಾನು ಕಾಯಲಾರೆ. ವಾರಕ್ಕೊಂದು ಕಾಗದ ಬರೆದೆ. ಪ್ರತಿಯೊಂದರಲ್ಲೂ ಕ್ರಮಸಂಖ್ಯೆ ಸಮೇತ ಹನ್ನೊಂದು ಪ್ರಶ್ನೆಗಳು. ಉತ್ತರವಾಗಿ ಬಂದದ್ದು ಒಂದೇ ಒಂದು ಕಾರ್ಡು: "ಗಂಟಲು ಒಣಗಿದೆ. ಉಪ್ಪಿನಕಾಯಿಗೆ ಒದ್ದೆ ಸೌಟು ಹಾಕಬೇಡಿ." ಆ ಎರಡನೆಯ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೆಂಬುದಕ್ಕೆ ಮಾತ್ರ ನನ್ನ ಡೈರಿಯಲ್ಲಿ ದಾಖಲೆಯಿಲ್ಲ.

ಮೊದಲು ಸಾಧನದ ಆಯ್ಕೆ. ನೀರು ಚಿಮುಕಿಸಿ ಬಾಗಿಲಿಗೆ ತೂಗುವ ಲಾವಂಚದ ತಟ್ಟಿ ಬಯಲುಸೀಮೆಯ ವೈಭವ, ಇಲ್ಲಿ ಸಿಗದು. ಗೋಮತಿಯ ಹಸಿರು ಸೀರೆಯನ್ನೇ ಒದ್ದೆ ಮಾಡಿ ನಡುಮನೆಯಲ್ಲಿ ಹರಡಿದೆ. ಹಾದುಹೋಗುವಾಗಲೆಲ್ಲ ಅವಳೇ ನಿಂತಂತೆ ಕಂಡು, ಮಾತನಾಡಿಸಹೊರಟು ಪೆಚ್ಚಾದೆ. ಆ ವಿಧಾನವನ್ನು ವೈಜ್ಞಾನಿಕ ಕಾರಣಗಳಿಗಾಗಿ ಕೈಬಿಟ್ಟೆ.

ಆಗ ದಾರಿ ತೋರಿಸಿದವನು ಪಕ್ಕದ ಮನೆಯ ಬೊಳ್ಳಪ್ಪ. ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಅಲ್ಲಿನ ಇಂಗ್ಲಿಷ್ ದೊರೆ ಗಂಟುಮೂಟೆ ಕಟ್ಟಿ ಸೀಮೆಗೆ ಹೊರಟಿದ್ದ. ಬಂಗಲೆಯ ಸಾಮಾನುಗಳ ಹರಾಜು. ಜನ ಕುರ್ಚಿ, ಮಂಚಗಳಿಗೆ ಮುಗಿಬಿದ್ದಾಗ ನಾನು ಎದೆಯುಬ್ಬಿಸಿ ಕೂಗಿ ಗೆದ್ದದ್ದು ಆನೆಯ ಸೊಂಡಿಲಿನಂಥ ಮೂತಿಯ ಒಂದು ಹಿತ್ತಾಳೆಯ ಕೆಟಲನ್ನು! ಕೆಮ್ಮುವ ಮಗುವಿನ ಕೋಣೆಗೆ ಹಬೆ ಊದಲು ದೊರೆಸಾನಿ ತರಿಸಿದ್ದಂತೆ. ಆಧುನಿಕರು ಹ್ಯೂಮಿಡಿಫೈಯರ್ ಎನ್ನುವುದರ ಸಾಕ್ಷಾತ್ ಮುತ್ತಜ್ಜ.

"ಮೇಷ್ಟ್ರೇ, ಕೊಡಗಿನಲ್ಲಿ ದುಡ್ಡು ಕೊಟ್ಟು ತೇವ ತಕೊಂಡವರು ನೀವೊಬ್ಬರೇ!" ಎಂದ ಬೊಳ್ಳಪ್ಪ. "ಜೂನ್ ಬಂದರೆ ನಮ್ಮನೇದೂ ಧರ್ಮಕ್ಕೆ ಕೊಡ್ತಿದ್ದೆ."

ಫೆಬ್ರವರಿ ೯, ಭಾನುವಾರ, ಇದ್ದಿಲ ಒಲೆಯ ಮೇಲೆ ಕೆಟಲು ಪ್ರತಿಷ್ಠಾಪನೆಯಾಯಿತು. ತೇವವನ್ನು ಅಳೆಯಲು ಉಪಕರಣವಿಲ್ಲದ್ದರಿಂದ ನಾನೇ ಒಂದನ್ನು ಕಂಡುಹಿಡಿದೆ: ಗೋಮತಿ ಹೋಗುವ ಮುನ್ನ ಡಬ್ಬಿ ತುಂಬಿಟ್ಟಿದ್ದ ಉದ್ದಿನ ಹಪ್ಪಳ! ದಿನಕ್ಕೊಂದನ್ನು ಗೂಟಕ್ಕೆ ಸಿಕ್ಕಿಸಿ ಮರುದಿನ ಮುರಿಯುವುದು. ಮೊದಲ ದಿನ "ಟಪ್" ಎಂದಿತು. ಹನ್ನೊಂದನೆಯ ದಿನ ಸದ್ದಿಲ್ಲದೆ ಬಾಗಿತು. ಹದಿನೆಂಟನೆಯ ದಿನ ವೀಳ್ಯದೆಲೆಯಂತೆ ಮಡಚಿಕೊಂಡಿತು. ಜಯ! ಉಪ್ಪು ನೀರಾಯಿತು, ಬೆಂಕಿಪೊಟ್ಟಣ ಮುಷ್ಕರ ಹೂಡಿತು, ಪಂಚಾಂಗದ ಮಾಘ, ಫಾಲ್ಗುಣಗಳು ಒಂದಕ್ಕೊಂದು ಅಂಟಿಕೊಂಡವು. ಯುದ್ಧದಲ್ಲಿ ಇಷ್ಟು ಸಾವುನೋವು ಸಹಜ.

ಬಾಗಿಲಿನ ಸಂದುಗಳಿಂದ ಹಬೆ ಸೋರಿಹೋಗುವುದು ಮಾತ್ರ ಸಹಿಸಲಾಗಲಿಲ್ಲ. ಫೆಬ್ರವರಿ ೧೨ರಂದು ಮುಂದಿನ, ಹಿಂದಿನ ಎರಡೂ ಬಾಗಿಲುಗಳ ಅಂಚಿಗೆ ಒಳಗಿನಿಂದ ಮರದ ಪಟ್ಟಿ ಹೊಡೆದು ಸಂದು ಮುಚ್ಚಿದೆ. ಕದ ಬಿಗಿಯಾದರೂ ಜಗ್ಗಿದರೆ ತೆರೆದುಕೊಳ್ಳುತ್ತಿತ್ತು.

ದಿನವೂ ಮಧ್ಯಾಹ್ನ ಮೂರೂಕಾಲಿಗೆ ಕೆಟಲು ಸುಯ್ಗುಡುತ್ತಿದ್ದಾಗ, ಗೋಮತಿ ಅಕ್ಕಿ ಆರಿಸುತ್ತಾ ತನಗೆ ತಾನೇ ಗುನುಗುತ್ತಿದ್ದಂತೆ ಕೇಳುತ್ತಿತ್ತು. ಹತ್ತಿರ ಕುಳಿತು "ನೀರು ಸಾಕೇ? ಕೆಂಡ ಹೆಚ್ಚಾಯಿತೇ?" ಎಂದು ವಿಚಾರಿಸುತ್ತಿದ್ದೆ. ಅದು ಉತ್ತರಿಸುತ್ತಿರಲಿಲ್ಲ.

ಕೊನೆಗೆ ಬರೆದೆ: "ಮನೆಯೊಳಗೆ ಮಳೆಗಾಲ ಸಿದ್ಧ. ಹೊರಟು ಬಾ." ಈ ಸಲ ಪ್ರಶ್ನೆ ಒಂದೂ ಇರಲಿಲ್ಲ. ಮಾರ್ಚಿ ೨, ಭಾನುವಾರ, ಮಧ್ಯಾಹ್ನದ ಬಸ್ಸಿಗೆ ಬರುವುದಾಗಿ ಕಾರ್ಡು ಬಂತು!

ಅಂದು ಬೆಳಗಿನಿಂದಲೇ ಎರಡೂ ಬಾಗಿಲು ಭದ್ರಪಡಿಸಿ, ಕೆಟಲಿನ ಜೊತೆಗೆ ಸ್ನಾನದ ಹಂಡೆಯನ್ನೂ ಕುದಿಸಿದೆ. ಹನ್ನೆರಡೂ ಮುಕ್ಕಾಲಿಗೆ ಕದ ತಟ್ಟಿದ ಸದ್ದು. ಓಡಿದೆ. ಚಿಲಕ ಸರಿಯಿತು, ಬಾಗಿಲು ಕದಲಲಿಲ್ಲ. ಜಗ್ಗಿದೆ. ನೇತಾಡಿದೆ. ಊಹೂಂ!

"ಏನೂಂದ್ರೆ, ಬಾಗಿಲು ತೆಗೀರಿ."

"ಬರುತ್ತಿಲ್ಲ!"

"ಮೇಷ್ಟ್ರೇ!" ಅವಳ ಚೀಲ ಹೊತ್ತು ಬಂದಿದ್ದ ಬೊಳ್ಳಪ್ಪ ಗಾಬರಿಯಲ್ಲಿ ಅರೆಭಾಷೆಗೆ ಇಳಿದಿದ್ದ. "ಕಿಟಕೀಲಿ ಹೊಗೆ ಬರ್ತಾ ಉಟ್ಟು! ಬೆಂಕಿಯಾ?"

"ಹೊಗೆಯಲ್ಲಯ್ಯಾ, ಹಬೆ! ಪರಿಶುದ್ಧ ಹಬೆ!"

ಹೊರಗಿನಿಂದ ಕದದ ಅಂಚನ್ನು ತಡವಿದ ಸದ್ದು. ಬಳಿಕ ಗೋಮತಿ ನಿಧಾನವಾಗಿ ಕೇಳಿದಳು: "ಬಾಗಿಲಿನ ಸಂದಿಗೆ ಏನಾದ್ರೂ ಹೊಡೆದಿದ್ದೀರಾ?"

"ಮರದ ಪಟ್ಟಿ. ತೆಳುವಾದದ್ದು."

"ಪ್ರತಿ ಜೂನಿನಲ್ಲೂ ಈ ಬಾಗಿಲು ಉಬ್ಬಿ, ಆಚಾರಿ ಬಂದು ಕೀಸುಳಿ ಹಾಕೋದು ನೋಡಿಲ್ವಾ? ಉಬ್ಬೋದಕ್ಕೇ ಅಲ್ವಾ ಆ ಸಂದು ಬಿಟ್ಟಿದ್ದು? ಮೂವತ್ತು ಮಳೆಗಾಲ ಕಂಡಿದ್ದೀರಿ! ಪಟ್ಟಿ ಕೀಳಿ."

"ಸುತ್ತಿಗೆ ಎಲ್ಲಿದೆ?"

"ಅಟ್ಟದ ಏಣಿ ಹಿಂದೆ, ನೀಲಿ ಡಬ್ಬೀಲಿ."

"ನೀಲಿ ಡಬ್ಬಿ ಎರಡಿವೆ. ಯಾವುದು?"

"ಮುಚ್ಚಳ ಇಲ್ಲದ್ದು."

"ಮೊಳೆ ಕೀಳುವುದು ಯಾವ ತುದಿಯಿಂದ?"

"ಸೀಳಿರೋ ತುದಿಯಿಂದ! ಮೇಲಿಂದ ಶುರು ಮಾಡಿ!"

ಅಲ್ಲಿಗೆ ನನ್ನ ಕೈ ನಿಂತಿತು. ಗಂಟೆಯಂಥ ಧ್ವನಿ! ಒಂದು ಕೆಮ್ಮಿಲ್ಲ!

"ಗೋಮತೀ, ನಿನ್ನ ಗಂಟಲು ಸರಿಹೋಗಿದೆ!"

"ಮೊದಲನೇ ವಾರಕ್ಕೇ ಸರಿಹೋಯ್ತು."

"ಮೂರ್ನಾಡಿನ ಗಾಳಿಯಲ್ಲಿ ತೇವ ಹೆಚ್ಚೇ?"

"ಅಲ್ಲೂ ಇದೇ ಒಣ ಗಾಳಿ. ಆದ್ರೆ ಅಲ್ಲಿ ನನ್ನನ್ನ ಯಾರೂ ಏನೂ ಕೇಳೋರಿಲ್ಲ!"

ಬೊಳ್ಳಪ್ಪ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತೊಂದು ದಿನ ನಾನು ಗಾಳಿಗೆ ನೀರು ಕುಡಿಸಿದ್ದೆ. ಅವಳ ಗಂಟಲು ಒಣಗಿಸಿದವನು ನಾನೇ! ಕೊನೆಯ ಮೊಳೆ ಕಿತ್ತೆ. ಬೊಳ್ಳಪ್ಪ ಹೊರಗಿನಿಂದ ಭುಜ ಕೊಟ್ಟ. ಬಾಗಿಲು ಧಡ್ಡನೆ ತೆರೆದು ನಾನು ನೆಲಕ್ಕೆ ಕುಕ್ಕರಿಸಿದೆ. ಹಬೆಯೆಲ್ಲ ಬಯಲಿಗೆ ಹಾರಿತು. ಅದು ತಿಳಿಯಾದಾಗ ಹೊಸ್ತಿಲಲ್ಲಿ ಗೋಮತಿ ನಿಂತಿದ್ದಳು. ನಲವತ್ತೊಂದು ದಿನಗಳ ನಂತರ.

ಇನ್ನು ಮೇಲೆ ದಿನಕ್ಕೆ ಒಂದೇ ಪ್ರಶ್ನೆಯೆಂದು ಕುಳಿತಲ್ಲೇ ನಿರ್ಧರಿಸಿದೆ. ಅಂದಿನದನ್ನು ಬಹಳ ಯೋಚಿಸಿ ಆರಿಸಿದೆ.

"ಹೂಮಳೆ ಇನ್ನೂ ಬಿದ್ದಿಲ್ಲ. ಯಾಕೆ ಬಂದೆ?"

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ನನ್ನ ಮುಖ ನೋಡದೆ ಹೇಳಿದಳು: "ಅಲ್ಲಿ ನನ್ನನ್ನ ಯಾರೂ ಏನೂ ಕೇಳೋರಿಲ್ಲ ಅಂತ."

ನನ್ನ ಕಣ್ಣು ತೇವವಾಯಿತು. ಹಬೆಯ ಪರಿಣಾಮ, ಅಷ್ಟೆ. ಅಷ್ಟರಲ್ಲಿ ಅವಳ ಕೈಗೆ ಡಬ್ಬಿ ಸಿಕ್ಕಿತ್ತು.

"ಹಪ್ಪಳ ಯಾಕೆ ಹೀಗೆ ಮೆತ್ತಗಾಗಿದೆ? ಗೂಟದಲ್ಲಿ ಇದ್ಯಾಕೆ ನೇತಾಡ್ತಿದೆ? ಉಪ್ಪು ಎಲ್ಲಿ? ನನ್ನ ಹಸಿರು ಸೀರೆಗೆ ಬೂಷ್ಟು ಹಿಡಿಸಿದ್ದು ಯಾರು?"

ಮಾರ್ಚಿ ೨, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಮಡಿಕೇರಿಯಲ್ಲೇ ಅತ್ಯಂತ ಒದ್ದೆಯಾದ ಆ ಮನೆಯಲ್ಲಿ ನನ್ನ ಗಂಟಲು ಒಣಗಿತು!