ಮಲಕನಗಟ್ಟಿಯ ಟಾಸ್ ಮಹಾಸಮರ

ಹುಲ್ಲೊಂದೂ ಹುಟ್ಟದ ಮೈದಾನಗಳಿಗೆ ಧೂಳನ್ನಾದರೂ ದಯಪಾಲಿಸಿದ ತಾಯೇ, ಎರೆನೆಲದ ಅಧಿದೇವತೆಯೇ, ಬಂದು ನನ್ನ ನಾಲಗೆಯ ಮೇಲೆ ಕೂಡು. ಎಲ್ಲರ ಅಂಗೈಯ ಮೊಬೈಲಿನಲ್ಲಿ ಕ್ರಿಕೆಟ್ಟು ಕುಣಿಯುತ್ತಿದ್ದು ಯಾರ ಕೈಯಲ್ಲಿಯೂ ಬ್ಯಾಟಿಲ್ಲದಿದ್ದ ಆ ವಿಪರೀತ ಯುಗದಲ್ಲಿ, ಕೂತು ನೋಡುವ ಪ್ರಜೆಗಳನ್ನು ಎಬ್ಬಿಸಿ ಆಡಿಸುವೆವೆಂದು ಕಂಕಣ ಕಟ್ಟಿದ ಇಬ್ಬರು ಮಹಾರಥರ ಚರಿತೆಯನ್ನು ಹೇಳಲು ಹೊರಟಿದ್ದೇನೆ. ಅವರು ಏನನ್ನು ಸಂಕಲ್ಪಿಸಿದರು, ಯಾವುದಕ್ಕಾಗಿ ಕಾದರು, ಕಡೆಗೆ ಏನನ್ನು ಅಗೆದರು ಎಂಬುದನ್ನು ನನ್ನಿಂದ ನುಡಿಸು.

ಮಲಕನಗಟ್ಟಿ ಎಂಬ ಹೋಬಳಿಯೂರಿನ ಮ್ಯಾಗಿನ ಓಣಿಯಲ್ಲಿ ಗಜಕೇಸರಿ ಕ್ರಿಕೆಟ್ ಸಂಘವೆಂಬುದೊಂದಿತ್ತು. ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದವರು ನಿವೃತ್ತ ದೈಹಿಕ ಶಿಕ್ಷಕರಾದ ಚನ್ನವೀರಪ್ಪ ಮಾಸ್ತರ ಅಂಗಡಿ. ಒಂದೇ ಸೀಟಿಯಿಂದ ಊರಿನ ಅಷ್ಟೂ ಮಕ್ಕಳ ಬೆನ್ನು ನೆಟ್ಟಗಾಗಿಸಿದವರು. ಉನ್ನತಲಲಾಟರು, ಉದ್ದಂಡಶ್ಮಶ್ರುಗಳು, ಇಸ್ತ್ರಿಭಂಗಾಸಹಿಷ್ಣುಗಳು. ಕೆಳಗಿನ ಓಣಿಯಲ್ಲಿ ರಣಧೀರ ಕ್ರಿಕೆಟ್ ಸಂಘವಿತ್ತು. ಅದರ ಅಧ್ಯಕ್ಷರು ಎಣ್ಣೆಗಾಣದ ಒಡೆಯರಾದ ಪರಪ್ಪ ಗಾಣಿಗೇರ. ಕುಸುಬೆತೈಲಸ್ನಿಗ್ಧಬಾಹುಗಳು, ಮೇಘಗಂಭೀರಘೋಷರು, ಮಧ್ಯಾಹ್ನಭೋಜನಕಾಲನಿಷ್ಠರು. ಪರಪ್ಪನವರ ಅಕ್ಕ ಗಿರಿಜವ್ವನೇ ಮಾಸ್ತರರ ಧರ್ಮಪತ್ನಿಯಾದ್ದರಿಂದ ಈ ಇಬ್ಬರು ವೀರರು ಭಾವ ಮೈದುನರಾಗಿದ್ದರು. ಆದಕಾರಣ ಅವರ ವೈರಕ್ಕೆ ಹಬ್ಬಹುಣ್ಣಿಮೆಗೂ ಬಿಡುವಿರಲಿಲ್ಲ.

ಆ ವೈರದ ಮೂಲವನ್ನು ಕೇಳಿರಿ. ಕೆಲವು ವರ್ಷಗಳ ಹಿಂದೆ ಎರಡೂ ಸಂಘಗಳು ಆಡಿದ ಕಡೆಯ ಪಂದ್ಯದಲ್ಲಿ ರಣಧೀರರು ಮೊದಲು ಬ್ಯಾಟು ಬೀಸಿದರು. ಅವರ ಸರದಿ ಮುಗಿದೊಡನೆ ಪರಪ್ಪನವರು ಹಸಿವಾಯಿತೆಂದು ಮನೆಗೆ ನಡೆದರು. ಚೆಂಡು ಅವರದಾಗಿತ್ತು, ಅದೂ ಅವರೊಡನೆ ನಡೆಯಿತು. ಪ್ಯಾಡು ಕಟ್ಟಿ, ಬ್ಯಾಟೂರಿ, ನಡುಮೈದಾನದಲ್ಲಿ ನಿಂತ ಮಾಸ್ತರರು ಸೂರ್ಯನು ಪಶ್ಚಿಮಕ್ಕೆ ಇಳಿಯುವವರೆಗೂ ಹಾಗೆಯೇ ನಿಂತಿದ್ದರು. ಪರಪ್ಪನವರು ಉಂಡು, ಎಲೆಯಡಿಕೆ ಹಾಕಿ, ಮಲಗಿಬಿಟ್ಟಿದ್ದರು.

ಆ ಸಂಜೆ ಮಾಸ್ತರರು ಬಾವುಟದ ಕಟ್ಟೆಯ ಮೇಲೆ ನಿಂತು ಭೀಕರ ಪ್ರತಿಜ್ಞೆ ಮಾಡಿದರು: “ಇನ್ನ ಮ್ಯಾಲೆ ನನ್ನ ಸಂಘ ಮೊದಲ ಫೀಲ್ಡಿಂಗಿಗೆ ಇಳಿದ್ರ ನಾ ಈ ಮೀಸಿ ಬೋಳಸ್ತೀನಿ!”

ಸುದ್ದಿ ಗಾಣಕ್ಕೆ ಮುಟ್ಟಿತು. ಪರಪ್ಪನವರು ಹಿಂಡಿಯ ಕೈ ಕೊಡವಿ ಗರ್ಜಿಸಿದರು: “ಅವರಿಗಷ್ಟ ಮೀಸಿ ಐತೇನು? ನಾನೂ ಮೊದಲ ಫೀಲ್ಡಿಂಗ ಮಾಡೂದಿಲ್ಲ. ಹೋಗಿ ಹೇಳ್ರಿ!”

ಇಬ್ಬರೂ ಮೊದಲು ಬ್ಯಾಟು ಮಾಡುವ ಆಟವನ್ನು ಭೂಮಂಡಲದಲ್ಲಿ ಯಾರೂ ಕಂಡುಹಿಡಿದಿಲ್ಲವಾದ್ದರಿಂದ ಮಲಕನಗಟ್ಟಿಯಲ್ಲಿ ಕ್ರಿಕೆಟ್ಟು ನಿಂತುಹೋಯಿತು. ಎರಡೂ ಓಣಿಯ ತರುಣರು ಕಟ್ಟೆ ಸೇರಿ ಮೊಬೈಲಿನಲ್ಲಿ ತಲೆ ಹುದುಗಿಸಿದರು. ಊರಿನಲ್ಲಿ ಚೆಂಡಿನ ಸದ್ದು ಉಳಿದದ್ದು ಒಂದೇ ಕಡೆ. ಮೈದಾನದಂಚಿನ ಸೊಸೈಟಿ ಗೋದಾಮಿನ ಹಿಂಗೋಡೆಗೆ ಮಾಸ್ತರರ ಮಗಳು ಸುಧಾ ಕಾಲೇಜು ಬಿಟ್ಟ ಮೇಲೆ ದಿನವೂ ಚೆಂಡೆಸೆಯುತ್ತಿದ್ದಳು. ಬೇರೆ ಜೊತೆ ಅವಳಿಗಿರಲಿಲ್ಲ.

ಹೀಗಿರಲು ಜಿಲ್ಲೆಯಿಂದ ಸುದ್ದಿಯೊಂದು ಬಂದಿತು. ತಾಲೂಕಿನ ಒಂದು ಹೋಬಳಿಗೆ ಹಾಸುವ ಮ್ಯಾಟು ಕೊಟ್ಟು, ಪ್ರತಿ ಶನಿವಾರ ತರಬೇತುದಾರರನ್ನು ಕಳಿಸುವರಂತೆ. ಊರಿನ ಸಂಘಗಳು ಕೂಡಿ ಒಂದು ಪಂದ್ಯವನ್ನಾಡಿ ತೋರಿಸಬೇಕಂತೆ. ಅದನ್ನು ನೋಡಲು, ಬರುವ ಭಾನುವಾರ, ಕಟಗೇರಿ ಎಂಬ ಕೋಚು ಖುದ್ದು ಬರುವರಂತೆ. ಆಟ ಕಾಣದಿದ್ದರೆ ಮ್ಯಾಟು, ಕೋಚು ಎರಡೂ ಪಕ್ಕದ ಹೋಬಳಿಯ ಪಾಲಂತೆ. ಅದನ್ನು ಕೇಳಿದ ದಿನ ಸುಧಾಳಿಗೆ ಊಟ ಸೇರಲಿಲ್ಲ.

ಪಕ್ಕದ ಹೋಬಳಿಯ ಹೆಸರು ಕಿವಿಗೆ ಬಿದ್ದೊಡನೆ ವೀರರಿಬ್ಬರ ಭುಜಗಳೂ ಏಕಕಾಲಕ್ಕೆ ಅದುರಿದವು. ಗೋದಾಮಿನ ಕಟ್ಟೆಯ ಮೇಲೆ ಮಹಾಸಭೆ ಸೇರಿತು. ಒಂದೇ ಎತ್ತರದ ಎರಡು ಕುರ್ಚಿಗಳನ್ನು ಊರೆಲ್ಲ ಹುಡುಕಿ ತಂದ ಮೇಲೆ, ನಾಡಿನ ನಾಳೆಗಳನ್ನೇ ನಡುಗಿಸಬಲ್ಲ ಕ್ರಿಕೆಟ್ ಪ್ರಸಾರ ಮಹಾಯೋಜನೆಯು ಉದ್ಘೋಷಿಸಲ್ಪಟ್ಟಿತು.

“ಮನಿಗೊಂದು ಬ್ಯಾಟು!” ಎಂದರು ಮಾಸ್ತರರು.

“ಓಣಿಗೊಂದು ಪಿಚ್ಚು!” ಎಂದರು ಪರಪ್ಪನವರು.

“ಮಹಿಳೆಯರ ಭಾಗವಹಿಸುವಿಕೆ!” ಎಂದರು ಮಾಸ್ತರರು, ಹಿಂದೆ ಎಲ್ಲೋ ಕೇಳಿದ್ದನ್ನು ನೆನೆದು. ಸಭೆ ಚಪ್ಪಾಳೆ ತಟ್ಟಿತು.

ಬಾಗಿಲ ಬಳಿ ಗೆಳತಿಯರೊಡನೆ ನಿಂತಿದ್ದ ಸುಧಾ ಕೇಳಿದಳು: “ಅಪ್ಪಾ, ಹಂಗಂದ್ರ ಭಾನುವಾರ ನಾವು ಯಾವಾಗ ಆಡೂದು?”

ಮಾಸ್ತರರು ಕುರ್ಚಿಯಲ್ಲಿ ಸರಿದು ಮೈದುನನ ಕಡೆ ನೋಡಿದರು. ಆಗ ಪರಪ್ಪನವರೇ ಸೋದರಮಾವನ ಅಂತಃಕರಣದಿಂದ ಬಗೆಹರಿಸಿದರು: “ನೀವು ಆರತಿ ತಾಟು ಹಿಡ್ಕೊಂಡು ಸ್ವಾಗತಕ್ಕ ನಿಂದರ್ರವ್ವಾ. ಅದೂ ಭಾಗವಹಿಸೂದ ಅಲ್ಲೇನು?”

ಗೋದಾಮಿನ ಹಿಂದಿನಿಂದ ಆ ಸಂಜೆ ಕೇಳಿಬಂದ ಚೆಂಡಿನ ಸದ್ದು ಎಂದಿಗಿಂತ ಜೋರಾಗಿತ್ತು.

ಭಾನುವಾರವು ಉದಯಿಸಿತು. ಬೇಸಿಗೆಯ ಪ್ರತಾಪಕ್ಕೆ ಎರೆಮಣ್ಣಿನ ಮೈದಾನವು ಬಾಯಿ ಬಿರಿದು, ಅಂಗೈ ಹೋಗುವಷ್ಟು ಅಗಲದ ಬಿರುಕುಗಳಿಂದ ಶೋಭಿಸುತ್ತಿತ್ತು. ಅದರ ನಡುವೆ, ನೀರು ಹೊಯ್ದು, ಧಮ್ಮಸು ಬಡಿದು ಗಟ್ಟಿ ಮಾಡಿದ ಪಿಚ್ಚಿನ ಮೇಲೆ, ಇತ್ತ ಗಜಕೇಸರಿಗಳು, ಅತ್ತ ರಣಧೀರರು ಸಾಲುಗಟ್ಟಿದರು. ನಡುವೆ ನಿಂತವರು ಅಂಪೈರ್ ದಾವಲಸಾಬ ನದಾಫ. ಸಾರಿಗೆ ಬಸ್ಸಿನ ಕಂಡಕ್ಟರಿಕೆಯಿಂದ ನಿವೃತ್ತರಾಗಿ, ಎರಡೂ ಓಣಿಗೆ ಬೇಕಾದವರಾಗಿ ಉಳಿದಿದ್ದ ಏಕೈಕ ಮನುಷ್ಯ.

ಮಾಸ್ತರರು ಬ್ಯಾಟನ್ನು ಗದೆಯಂತೆ ಹೆಗಲಿಗೇರಿಸಿ ನುಡಿದರು: “ಪರಪ್ಪಾ, ಇವತ್ತ ನಾ ಹೊಡದ ಚೆಂಡು ಹುಡಕಾಕ ನಿನ್ನ ಹುಡುಗರು ಬಸ್ ಹತ್ತಿ ಹೋಗಬೇಕಾಗತೈತಿ. ವಾಪಸ್ ಬರೂ ಚಾರ್ಜು ಕೊಟ್ಟ ಕಳಸು!”

“ಭಾವಾರ, ಮೊದಲ ಚೆಂಡು ಬ್ಯಾಟಿಗೆ ತಾಗಸ್ರಿ. ಆಮ್ಯಾಲೆ ಬಸ್ಸಿನ ಮಾತು,” ಎಂದರು ಪರಪ್ಪನವರು. “ನಾ ಒಮ್ಮಿ ಬ್ಯಾಟ್ ಬೀಸಿದ್ರ ಆ ಗಾಳಿಗೇ ನಿಮ್ಮ ಗಜಾ, ಕೇಸರಿ ಎರಡೂ ಬೇರೆಬೇರೆ ಆಗಿ ಹಾರಿ ಹೋಗ್ತಾವು!”

ದಾವಲಸಾಬರು ಜೇಬಿನಿಂದ ನಾಣ್ಯವೊಂದನ್ನು ತೆಗೆದು ಆಕಾಶಕ್ಕೆ ಚಿಮ್ಮಿಸಿದರು. “ಹೆಡ್!” ಎಂದು ಮಾಸ್ತರರು ಆರ್ಭಟಿಸಿದರು. ಉಭಯ ಸೇನೆಗಳ ಕತ್ತುಗಳು ಮೇಲೆದ್ದವು, ಕೆಳಗಿಳಿದವು. ಬೆಳಗಿನ ಬಿಸಿಲಿನಲ್ಲಿ ಗಿರಗಿರ ತಿರುಗುತ್ತ ಬಂದ ನಾಣ್ಯವು ನೆಲಕ್ಕೆ ಅಂಚೂರಿ ಬಿದ್ದು, ಒಂದು ಮೊಳ ಉರುಳಿ, ಪಿಚ್ಚಿನ ನಡುವೆ ಮುಚ್ಚದೆ ಉಳಿದಿದ್ದ ಒಂದೇ ಒಂದು ಬಿರುಕನ್ನು ಹೊಕ್ಕು ಪಾತಾಳಕ್ಕಿಳಿಯಿತು.

“ಹೆಡ್ ಬಿದ್ದೈತಿ,” ಎಂದರು ಮಾಸ್ತರರು.

“ಟೇಲ್ ಬಿದ್ದೈತಿ,” ಎಂದರು ಪರಪ್ಪನವರು.

“ಬಿದ್ದಿದ್ದು ಖರೇ,” ಎಂದರು ದಾವಲಸಾಬರು. “ಏನ್ ಬಿದ್ದೈತಿ ಅನ್ನೂದು ನನಗ ಕಂಡಿಲ್ಲ. ಇನ್ನೊಂದು ನಾಣ್ಯಾ ಹಾರಸೂಣೇನ್ರಿ?”

“ಛೇ! ಬಿಟ್ಟ ಬಾಣಾ ಯಾರರ ವಾಪಸ್ ತಗೋತಾರೇನು?” ಎಂದು ಮಾಸ್ತರರು ಕೆರಳಿದರು. “ನಾ ಗೆದ್ದ ಟಾಸು ಒಳಗೈತಿ. ತಗೀರಿ ಹೊರಗ!”

“ಅಗದ ನೋಡ್ರಿ, ನನ್ನ ಟೇಲು ಮ್ಯಾಲ ಮಾರಿ ಮಾಡಿ ಕುಂತಿರತೈತಿ,” ಎಂದರು ಪರಪ್ಪನವರು.

ಉಭಯರೂ ಒಪ್ಪಿದ ಸಂಗತಿ ಅದೊಂದೇ ಆದ್ದರಿಂದ ಉತ್ಖನನವು ವಿಧ್ಯುಕ್ತವಾಗಿ ಆರಂಭಗೊಂಡಿತು. ಮ್ಯಾಗಿನ ಓಣಿಯಿಂದ ಹಾರೆಗಳು ಬಂದವು. ಕೆಳಗಿನ ಓಣಿಯಿಂದ ಗುದ್ದಲಿ ಸಲಿಕೆಗಳು ಬಂದವು. ನಾಣ್ಯ ಮಗ್ಗುಲು ಬದಲಿಸದಂತೆ ಮೆಲ್ಲಗೆ ಅಗೆಯಬೇಕೆಂದು ಮಾಸ್ತರರು ಮೂಡಣದಿಂದ ಅಗೆಸಿದರು; ಮೂಡಣದಿಂದ ಅಗೆದರೆ ಮೋಸವೆಂದು ಪರಪ್ಪನವರು ಪಡುವಣದಿಂದ ಅಗೆಸಿದರು. ಎರಡೂ ಕಡೆಯಿಂದ ಬಂದ ಗುಂಡಿಗಳು ನಡುವೆ ಸೇರಿದಾಗ ನಾಣ್ಯವು ಇನ್ನೂ ಆಳಕ್ಕೆ ಜಾರಿತ್ತು. ಧೂಳು ಸೂರ್ಯಮಂಡಲವನ್ನು ಮುಸುಕಿತು. ಬೆವರಿನ ಹೊಳೆ ಹರಿಯಿತು. ಹಾದಿಹೋಕರು ಸೈಕಲ್ಲಿಳಿದು ಒಂದೊಂದು ಬುಟ್ಟಿ ಮಣ್ಣು ಹೊತ್ತರು. ಮಲಕನಗಟ್ಟಿಯ ಇತಿಹಾಸದಲ್ಲಿ ಇಷ್ಟು ಜನ ಕ್ರಿಕೆಟ್ಟಿನಲ್ಲಿ ಭಾಗವಹಿಸಿದ್ದು ಅದೇ ಮೊದಲು. ಪಿಚ್ಚು ಇದ್ದ ಜಾಗದಲ್ಲಿ ಎಮ್ಮೆಯೊಂದು ಸುಖವಾಗಿ ಮಲಗಬಹುದಾದ ಹೊಂಡ ತೆರೆದುಕೊಂಡಿತು.

ಬುತ್ತಿ ತಂದ ಗಿರಿಜವ್ವ ದಂಡೆಯಲ್ಲಿ ನಿಂತು ಗಂಡನನ್ನೂ ತಮ್ಮನನ್ನೂ ನೋಡಿದರು. ನಡುಮಟ ಮಣ್ಣಿನಲ್ಲಿದ್ದ ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳಿದರು.

“ರೊಟ್ಟಿ ಆರಾಕ ಹತ್ಯಾವು,” ಎಂದಷ್ಟೇ ಅಂದು ಆಕೆ ನೆರಳಿಗೆ ಹೋಗಿ ಕೂತರು.

ಇತ್ತ ಗೋದಾಮಿನ ಬಳಿ ಆರತಿ ತಾಟು ಹಿಡಿದು ನಿಂತ ಹುಡುಗಿಯರ ಕೈ ಸೋತವು. ಬರುವವರು ಬರಲಿಲ್ಲ, ಆಡುವವರು ಆಡಲಿಲ್ಲ. ಸುಧಾ ಹೊಂಡದ ಕಡೆಗೊಮ್ಮೆ ನೋಡಿದಳು. ಪಕ್ಕದ ಹೋಬಳಿಗೆ ಮ್ಯಾಟು ಹೊರಟುಹೋಗುವುದು ಅವಳ ಕಣ್ಣಿಗೆ ಕಟ್ಟಿತು. ತಾಟನ್ನು ಕಟ್ಟೆಯ ಮೇಲಿಟ್ಟು, ದಂಡೆಯಲ್ಲಿ ಅನಾಥವಾಗಿ ಬಿದ್ದಿದ್ದ ಬ್ಯಾಟನ್ನೂ ಮೂರು ಸ್ಟಂಪುಗಳನ್ನೂ ಎತ್ತಿ ತಂದು, ಸ್ಟಂಪುಗಳನ್ನು ಗೋಡೆಯ ಮುಂದೆ ನೆಟ್ಟಳು.

“ಬರ್ರಿ. ಯಾರ್ ಬ್ಯಾಟ್ ಮಾಡ್ತೀರಿ?”

ಯಾರಿಗೆ ಬ್ಯಾಟು ಹತ್ತಿರವಿತ್ತೋ ಅವಳು ಎತ್ತಿಕೊಂಡಳು. ಆಟ ಶುರುವಾಯಿತು.

ಆಟ ಕಾವೇರಿದಾಗ ಗೋದಾಮಿನ ಪಕ್ಕ ಜೀಪೊಂದು ನಿಂತಿತು. ಟೋಪಿ ಹಾಕಿದ ಎತ್ತರದ ಹೆಂಗಸೊಬ್ಬರು ಇಳಿದು, ಗೋಡೆಗೊರಗಿ, ಬಹಳ ಹೊತ್ತು ನೋಡಿದರು. ಆಮೇಲೆ ಬ್ಯಾಟು ಕೇಳಿ ಪಡೆದು ಸ್ಟಂಪಿನ ಮುಂದೆ ನಿಂತರು. ಸುಧಾ ಓಡಿಬಂದು ಎಸೆದ ಚೆಂಡು ಬಿದ್ದಲ್ಲಿಂದ ಒಳಕ್ಕೆ ತಿರುಗಿ, ಬ್ಯಾಟಿಗೂ ಕಾಲಿಗೂ ನಡುವೆ ನುಸುಳಿ, ನಡುವಿನ ಸ್ಟಂಪನ್ನು ಅಡ್ಡ ಮಲಗಿಸಿತು. ಹುಡುಗಿಯರು ಕಿರುಚಿದರು. ಆ ಹೆಂಗಸು ನಕ್ಕರು.

“ನಿಂಗ ಯಾರು ಕಲಿಸಿದ್ರು?”

“ಗೋಡಿರೀ ಮೇಡಂ,” ಎಂದಳು ಸುಧಾ ಏದುಸಿರಿನಲ್ಲಿ. “ಚೆಂಡು ವಾಪಸ್ ಕೊಡತೈತಿ. ಜಗಳಾ ತಗಿಯೂದಿಲ್ಲ.”

ಆ ಹೊತ್ತಿಗೆ ಹೊಂಡದೊಳಗಿಂದ ಯಾರೋ ಜೀಪನ್ನು ಕಂಡು ಕೂಗಿದರು. ವೀರರಿಬ್ಬರೂ ಮಣ್ಣು ಮೆತ್ತಿದ ಮೈಯಲ್ಲಿ ಮೇಲೆದ್ದು, ಸ್ವಾಗತಕ್ಕೆಂದು ತಂದಿಟ್ಟಿದ್ದ ಹಾರಗಳನ್ನು ಸೆಳೆದುಕೊಂಡು, ಓಟದಲ್ಲಿ ಒಬ್ಬರನ್ನೊಬ್ಬರು ಮೊಳಕೈಯಿಂದ ತಿವಿಯುತ್ತ ಧಾವಿಸಿ, ಜೀಪಿನಲ್ಲಿ ತೂಕಡಿಸುತ್ತಿದ್ದ ದಪ್ಪ ಮೀಸೆಯ ಗಂಭೀರ ಪುರುಷನ ಕೊರಳಿಗೆ ಏಕಕಾಲದಲ್ಲಿ ಎರಡು ಹಾರ ಹಾಕಿದರು.

“ಕಟಗೇರಿ ಸಾಹೇಬರು ನಮ್ಮ ಹೋಬಳಿಗೆ…” ಎಂದು ಮಾಸ್ತರರು ಭಾಷಣ ಎತ್ತಿದರು.

“ನಾ ಡ್ರೈವರ್ರೀ,” ಎಂದನು ಆತ, ಗಾಬರಿಯಿಂದ. “ಕಟಗೇರಿ ಮೇಡಂ ಆಗಲೇ ಅಲ್ಲಿ ಔಟ್ ಆಗ್ಯಾರ.”

ಕೋಚು ಶೈಲಜಾ ಕಟಗೇರಿ ಬ್ಯಾಟು ಹಿಡಿದೇ ಬಂದರು. ಹೊಂಡದ ದಂಡೆಯಲ್ಲಿ ನಿಂತು ಒಳಗೆ ಬಗ್ಗಿ ನೋಡಿ, “ಇದೇನ್ರೀ, ಬಾವಿ ತಗ್ಯಾಕ ಹತ್ತೀರೇನು?” ಎಂದು ಕೇಳಿದರು.

“ಟಾಸ್ ಹುಡಕಾಕ ಹತ್ತೇವ್ರಿ,” ಎಂದರು ಪರಪ್ಪನವರು ವಿನಯದಿಂದ.

ಸರಿಯಾಗಿ ಅದೇ ಕ್ಷಣದಲ್ಲಿ, “ಸಿಕ್ತೋ!” ಎಂದು ಪಾತಾಳದಿಂದ ದಾವಲಸಾಬರ ಧ್ವನಿ ಮೊಳಗಿತು. ಉಭಯ ಸೇನೆಗಳೂ ಹೊಂಡದ ಸುತ್ತ ಮುತ್ತಿದವು. ಮಾಸ್ತರರ ಮೀಸೆ ನಿಮಿರಿತು. ಪರಪ್ಪನವರ ಮುಷ್ಟಿ ಬಿಗಿಯಿತು. ಗಾಳಿಯೂ ಬೀಸುವುದನ್ನು ಮರೆಯಿತು. ಮೇಲಕ್ಕೆ ಬಂದ ದಾವಲಸಾಬರು ನಾಣ್ಯವನ್ನು ಮಗ್ಗುಲು ಬದಲಿಸದೆ ಅಂಗೈಯಲ್ಲಿ ಹಿಡಿದಿದ್ದರು. ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಕಣ್ಣು ಕಿರಿದಾಗಿಸಿ ನೋಡಿದರು. ತಿರುವಿ ಇನ್ನೊಂದು ಮಗ್ಗುಲನ್ನೂ ನೋಡಿದರು.

“ಎರಡೂ ಕಡೆ ಸವದೈತ್ರಿ,” ಎಂದರು. “ಅದಕ್ಕ ಬಸ್ಸಿನ್ಯಾಗ ಯಾರೂ ತಗೋತಿದ್ದಿಲ್ಲ. ನನ್ನ ಹತ್ರನ ಉಳದಿತ್ತು.”

ಶೈಲಜಾ ಮೇಡಂ ನಗು ತಡೆಯಲು ಟೋಪಿಯನ್ನು ಮುಖಕ್ಕೆ ಹಿಡಿದು, ಆಮೇಲೆ ತೀರ್ಪು ಕೊಟ್ಟರು: “ಸಂಘಗಳ ಆಟ ನೋಡಾಕ ಬಂದಿದ್ದೆ, ಕಾಣಲಿಲ್ಲ. ಆದ್ರ ಆಡೂ ಮಂದಿ ಕಂಡ್ರು. ಶನಿವಾರದಿಂದ ಬರ್ತೀನಿ, ಆ ಹುಡುಗ್ಯಾರಿಗೆ ಕಲಸ್ತೀನಿ. ಮ್ಯಾಟು ಅಲ್ಲೇ ಗೋದಾಮಿನ ಬಾಜೂಕ ಹಾಸೂಣು. ನೀವು ಹಿರ್ಯಾರು ಇದೊಂದು ಹೊಂಡ ಮುಚ್ಚಿಬಿಡ್ರಿ, ಯಾರರ ಬಿದ್ದಗಿದ್ದಾರು.”

ಸುಧಾ ಮುಖ ಆಚೆ ತಿರುಗಿಸಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

ಸೇನೆಗಳು ಕರಗಿದವು. ಮಹಾಯೋಜನೆಯ ಮಹಾರಥರಿಬ್ಬರೂ, ಒಬ್ಬರು ಮೂಡಣದಿಂದ, ಒಬ್ಬರು ಪಡುವಣದಿಂದ, ಅಗೆದ ಮಣ್ಣನ್ನೆಲ್ಲ ಮರಳಿ ತುಂಬಿದರು. ಇಸ್ತ್ರಿ ಎಲ್ಲಿತ್ತೆಂದು ಮಾಸ್ತರರ ಅಂಗಿಯಲ್ಲಿ ಈಗ ಹೇಳುವಂತಿರಲಿಲ್ಲ. ಕೈಕಾಲು ತೊಳೆದು, ಗೋದಾಮಿನ ಬಳಿ ನೆರಳಿದ್ದ ಕಡೆ ಇಬ್ಬರೂ ಕುಸಿದು ಕೂತರು. ಗಿರಿಜವ್ವ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಹಾಕಿಕೊಟ್ಟರು.

“ಭಾವಾರ,” ಎಂದರು ಪರಪ್ಪನವರು, ತುತ್ತು ನುಂಗಿ, “ಖರೇ ಹೇಳಬೇಕಂದ್ರ ಅದು ಟೇಲ ಇತ್ತು.”

ಉದ್ದಂಡಶ್ಮಶ್ರುಗಳಾದ ಮಾಸ್ತರರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಸುಧಾಳ ದನಿ ಬಂತು:

“ಅಪ್ಪಾ, ಮಾಮಾ, ಒಂದೀಟು ಆಕಡೆ ಸರೀರಿ. ನಾ ಓಡಿ ಬರೂ ದಾರ್ಯಾಗ ಕುಂತೀರಿ.”

ತಾಟು ಕೈಯಲ್ಲಿ ಹಿಡಿದುಕೊಂಡು, ಕೂತಲ್ಲಿಂದಲೇ, ಇಬ್ಬರೂ ಸರಿದರು.