ಬಿಳಿಯಜ್ಜಿಯ ಎಡೆ ಮತ್ತು ಇಟಲಿಯ ಪೌರತ್ವ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುವುದು ಸಹಜ. ಕೆಲವರು ಬೆಳಗ್ಗೆ ಎದ್ದು ಬೂದುಗುಂಬಳದ ರಸ ಕುಡಿಯುತ್ತಾರೆ, ಕೆಲವರು ಮೀಸೆಗೆ ಬಣ್ಣ ಹಚ್ಚುತ್ತಾರೆ. ನನಗೆ ಇಟಲಿಯ ಪ್ರಜೆಯಾಗುವ ಹುಚ್ಚು ಹಿಡಿಯಿತು. ಬಸವೇಶ್ವರನಗರದಲ್ಲಿ ಫ್ಯಾನು, ಬಲ್ಬು ಮಾರಿಕೊಂಡಿರುವ ನಾನು ತಿರುಪತಿಯಿಂದಾಚೆ ಹೋದವನಲ್ಲ. ಆದರೂ ಅಂಗಡಿ ಎದುರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರನ್ನು ನೋಡಿ, ಪಾಪ, ಇವರಿಗೆಲ್ಲ ಇದೊಂದೇ ದೇಶ ಎಂದು ಮರುಗುವ ಮಟ್ಟಕ್ಕೆ ಹೋಗಿದ್ದೆ.

ಹುಚ್ಚಿಗೂ ಒಂದು ಆಧಾರವಿತ್ತು. ಅಮ್ಮನ ಅಜ್ಜಿ, ಅಂದರೆ ಅವಳ ತಾಯಿಯ ತಾಯಿ, ಇಟಲಿಯವಳು. ಕೆಂಗೇರಿ ಕಡೆ ರೇಷ್ಮೆನೂಲು ತೆಗೆಯುವುದನ್ನು ಕಲಿಸಲು ಬಂದಿದ್ದ ಮೇಷ್ಟರೊಬ್ಬರ ಮಗಳು. ಹಿಪ್ಪುನೇರಳೆ ಬೆಳೆಯುತ್ತಿದ್ದ ನಮ್ಮ ಮುತ್ತಜ್ಜ ಅವಳ ಕಣ್ಣಿಗೆ ಹೇಗೆ ಕಂಡನೋ, ಅಪ್ಪ ಹಡಗು ಹತ್ತಿದರೂ ಮಗಳು ಹತ್ತಲಿಲ್ಲ. ಮನೆ ತುಂಬಿಸಿಕೊಂಡ ದಿನ ನಮ್ಮವರು ಪದ್ಧತಿಯಂತೆ ಸೊಸೆಯ ಹೆಸರು ಬದಲಾಯಿಸಿ ಗೌರಮ್ಮ ಅಂತ ಇಟ್ಟರು. ಮೊಮ್ಮಕ್ಕಳ ಬಾಯಲ್ಲಿ ಅವಳು ಬಿಳಿಯಜ್ಜಿಯಾದಳು. ಅಮ್ಮ ಇನ್ನೂ ಲಂಗ ತೊಡುವ ವಯಸ್ಸಿನಲ್ಲಿರುವಾಗಲೇ ಅವಳು ತೀರಿಕೊಂಡಳಂತೆ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಹೆಸರು ಹಿಡಿದು ಕರೆದು, ಅವರು ನಿಧಾನವಾಗಿ ಉಣ್ಣಲೆಂದು ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಅಪ್ಪನ ಎಲೆಗೆ ಕೋಳಿಸಾರು, ತಾತನ ಎಲೆಗೆ ಬೀಡಿ. ಸಾಲಿನ ಕೊನೆಯಲ್ಲಿ ಅಮ್ಮ ಬಿಳಿಯಜ್ಜಿಗೊಂದು ಎಲೆ ಹಾಕುತ್ತಾಳೆ. ಎಲ್ಲರೂ ಒತ್ತುಶಾವಿಗೆಗೆ ಕಾಯಿಹಾಲು ಹಾಕಿಕೊಂಡರೆ ಬಿಳಿಯಜ್ಜಿಗೆ ಮಾತ್ರ ಟೊಮೆಟೊ ಗೊಜ್ಜೇ ಆಗಬೇಕಿತ್ತಂತೆ. ನನ್ನ ಸೋದರತ್ತೆ ಇದ್ದಷ್ಟು ದಿನವೂ ಈ ಎಲೆ ನೋಡಿ ಗೊಣಗುತ್ತಿದ್ದಳು: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ನಿಮ್ಮ ತವರಿನ ಅಜ್ಜಿಗೆ ಇಲ್ಲೇನಮ್ಮ ಕೆಲಸ?" ಅಮ್ಮ ಕೇಳಿಸದವಳಂತೆ ಇನ್ನೊಂದು ಸೌಟು ಗೊಜ್ಜು ಹಾಕುತ್ತಿದ್ದಳು.

ಇಂಥ ಅಜ್ಜಿಯನ್ನು ಬೆನ್ನಿಗಿಟ್ಟುಕೊಂಡು ನಾನು ರಾಜಾಜಿನಗರದ ಒಬ್ಬ ವಕೀಲೆಯ ಬಳಿ ಹೋದೆ. ವಿದೇಶದ ಕಾಗದಪತ್ರ ನೋಡುವ ಹುಡುಗಿ, ನನ್ನ ಮಗಳ ವಯಸ್ಸು. ತಾಳ್ಮೆಯಿಂದ ಕೇಳಿ ಹೇಳಿದಳು: "ಸಾರ್, ಹಿಂದೆ ಅಲ್ಲಿ ಗಂಡಸಿನಿಂದ ಮಾತ್ರ ಮಕ್ಕಳಿಗೆ ಪೌರತ್ವ ಹೋಗ್ತಿತ್ತು. ಹೊರದೇಶದವನನ್ನ ಮದುವೆ ಆದ್ರೆ ಹೆಂಗಸು ತನ್ನದನ್ನೇ ಕಳ್ಕೊಳ್ತಿದ್ಲು. ಆಮೇಲೆ ಎಷ್ಟೋ ಜನ ಕೋರ್ಟಿಗೆ ಹೋಗಿ ಅಜ್ಜಿ ಕಡೆಯಿಂದ ಗೆದ್ರು. ಆದ್ರೆ ಈಗ ಹೊಸ ಕಾನೂನು ಬಂದಿದೆ, ಅಜ್ಜ ಅಜ್ಜಿವರೆಗೆ ಮಾತ್ರ. ನಿಮಗೆ ಅವರು ಮುತ್ತಜ್ಜಿ. ಆಗಲ್ಲ ಸಾರ್."

ಹೊಸ ಕಾನೂನಿಗಿಂತ ಆ ಹಳೆಯದರ ಮೇಲೇ ನನಗೆ ತಡೆಯಲಾರದ ಸಿಟ್ಟು ಬಂತು. ನಮ್ಮ ಸೋದರತ್ತೆ ರೋಮಿಗೆ ಹೋಗಿ ಕಾನೂನು ಬರೆದು ಬಂದಳೋ ಹೇಗೆ? ಹೆತ್ತವಳು ಹೆಂಗಸಾದರೆ ಲೆಕ್ಕಕ್ಕಿಲ್ಲವೇ ಎಂದು ಆ ಹುಡುಗಿಯ ಮುಂದೆ ಸ್ತ್ರೀ ಸಮಾನತೆಯ ಬಗ್ಗೆ ದೊಡ್ಡ ಭಾಷಣ ಮಾಡಿದೆ. ಅವಳು ನೀರು ಕೊಟ್ಟು, "ನಿಮ್ಮ ತಾಯಿಗೆ ಅಜ್ಜಿ ಆಗ್ತಾರಲ್ಲ, ಅವರಿಗೆ ಬೇಕಾದ್ರೆ ನೋಡಬಹುದು. ಕಷ್ಟ ಇದೆ. ಮೊದಲು ಅಜ್ಜಿಯ ಇಟಲಿ ಹೆಸರು ಹೇಳಿ" ಎಂದಳು. ಗೊತ್ತಿಲ್ಲ ಎಂದೆ. ಶಾವಿಗೆ, ಗೊಜ್ಜಿನ ವಿಷಯ ಹೇಳಿದೆ. "ಗೊಜ್ಜು ಸಾಕ್ಷಿ ಆಗಲ್ಲ ಸಾರ್" ಎಂದಳು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಎಂಬತ್ತರ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಆಮೇಲೆ ಓಟು ಹಾಕ್ಬೋದಾ?" ಇಟಲಿಯವಳಾದರೆ ಇಲ್ಲಿನದನ್ನು ಬಿಡಬೇಕು, ಓಟು ಇರುವುದಿಲ್ಲ ಎಂದೆ. "ಹಂಗಾದ್ರೆ ಬ್ಯಾಡ" ಎಂದು ಅಲ್ಲಿಗೇ ಮುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಕರೆದಳು. "ಪಾಸ್‌ಪೋರ್ಟ್ ಅತ್ಲಾಗಿರ್ಲಿ. ಅಜ್ಜಿ ಹೆಸರು ಒಂದು ಹುಡುಕ್ಕೊಡು ಮಗ. ಇಷ್ಟು ವರ್ಷ ಗೌರಮ್ಮ ಅಂತ ಕರ್ದು ಎಡೆ ಇಟ್ಟಿದೀನಿ. ಅದು ಗಂಡನ ಮನೆಯೋರು ಇಟ್ಟ ಹೆಸರು. ಅವಳಮ್ಮ ಇಟ್ಟ ಹೆಸರಲ್ಲಿ ಒಂದು ಸಲ ಕರೀಬೇಕು. ನನಗೂ ಎಷ್ಟು ಅಮಾಸೆ ಉಳಿದಾವು?" ಆ ಮಾತಿಗೆ ನನ್ನ ಹುಚ್ಚು ಇಳಿದುಹೋಯಿತು.

ಮಾರನೇ ದಿನವೇ ಕೆಂಗೇರಿಗೆ ಹೋದೆ. ಅಮ್ಮನ ಸೋದರಮಾವನ ಮಗ ಅಲ್ಲಿದ್ದಾರೆ, ಅಮ್ಮನಿಗಿಂತ ದೊಡ್ಡವರು. ಬಿಳಿಯಜ್ಜಿಯ ಗಂಡ, ಅವನಪ್ಪ, ಅವನ ತಾತ, ತಾತನ ಎತ್ತು, ಎತ್ತಿನ ಹೆಸರು ಸಮೇತ ಗಡಗಡನೆ ಹೇಳಿದರು. ಅಜ್ಜಿಯ ಮೊದಲ ಹೆಸರು ಕೇಳಿದರೆ, "ಹೆಂಗಸ್ರ ಹೆಸರು ಯಾರು ಕರೀತಿದ್ರಪ್ಪ? ಏ ಅಂದ್ರೆ ಬರೋರು" ಎಂದು ಎಲೆಯಡಿಕೆ ಮುಂದಿಟ್ಟರು. ಎತ್ತಿನ ಹೆಸರು ನೆನಪಿದೆ, ಅಜ್ಜಿಯದಿಲ್ಲ ಎಂದು ಮನೆಯಲ್ಲಿ ಹೇಳಿ ಹೇಳಿ ಕೂಗಾಡಿದೆ. ನನ್ನ ಹೆಂಡತಿ ಮಂಗಳಾ ಎಲ್ಲ ಕೇಳಿಸಿಕೊಂಡು ಹೂಂಗುಟ್ಟುತ್ತಿದ್ದಳು.

ಅಮಾವಾಸ್ಯೆ ಬಂತು. ಅಮ್ಮ ಬಿಳಿಯಜ್ಜಿಯ ಎಲೆಯನ್ನು ಈ ಸಲ ಸಾಲಿನ ಮೊದಲಿಗೆ ತಂದಳು. ಶಾವಿಗೆಗೆ ಗೊಜ್ಜು ಬಡಿಸಿ, ಮಂಡಿನೋವಿನಲ್ಲೂ ಕೆಳಗೆ ಕೂತು ಕೈಮುಗಿದಳು. "ಅಜ್ಜೀ, ನಿನ್ನ ಹೆಸರು ಗೊತ್ತಾಗ್ಲಿಲ್ಲ ಕಣವ್ವ. ಬೇಜಾರು ಮಾಡ್ಕೋಬ್ಯಾಡ. ಶಾವಿಗೆ ಆರೋಯ್ತದೆ, ಬಾ." ನಾನು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡೆ.

ತಿರುಗಿದಾಗ ಮಂಗಳಾ ಬಿಳಿಯಜ್ಜಿಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ ನಿಪ್ಪಟ್ಟು ಜೋಡಿಸುತ್ತಿದ್ದಳು. ಅವಳ ಅಮ್ಮನ ತಾಯಿ, ಈಚೆಗೆ ತೀರಿಕೊಂಡ ನಂದಿನಿ ಲೇಔಟ್ ಅಜ್ಜಿಗೆ. ಮದುವೆಯಾದ ಹೊಸದರಿಂದ ನನಗೆಂದೇ ಒಂದು ಡಬ್ಬ ನಿಪ್ಪಟ್ಟು ಎತ್ತಿಡುತ್ತಿದ್ದ ಅಜ್ಜಿ. "ನೀವೇ ಕರೀರಿ. ಅಜ್ಜಿಗೆ ನಿಮ್ಮನ್ನ ಕಂಡ್ರೆ ಪ್ರಾಣ" ಎಂದಳು. ನಾನು ಉತ್ಸಾಹದಿಂದ ಕೈಮುಗಿದು, "ನಂದಿನಿ ಲೇಔಟ್ ಅಜ್ಜೀ" ಎಂದೆ.

"ಹೆಸರು ಹಿಡಿದು ಕರೀರಿ" ಎಂದಳು ಮಂಗಳಾ.

ಕೈ ಮುಗಿದೇ ಇತ್ತು, ಬಾಯಿ ತೆರೆದೇ ಇತ್ತು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಮಂಗಳಾ ಬಹಳ ಹೊತ್ತು ಕಾಯಿಸಲಿಲ್ಲ. "ಪುಟ್ಟಲಿಂಗಮ್ಮ, ಬಾ ಅಜ್ಜಿ" ಎಂದು ತಾನೇ ಕರೆದಳು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಆಮೇಲೆ ಊಟಕ್ಕೆ ಕೂತಾಗ ನಿಪ್ಪಟ್ಟು ಎಲ್ಲರ ಎಲೆಗೂ ಬಂತು, ನನ್ನ ಎಲೆಗೆ ಬರಲಿಲ್ಲ. ಕೇಳೋಣವೆಂದರೆ ಮುಖವಿರಲಿಲ್ಲ.