ತಂತಿ ಮಾವನ ಹುಡುಕಾಟ

ಆ ದಿನ ಏನೇನೆಲ್ಲ ಕೆಡಬಹುದಿತ್ತು! ಮಾವ ಬರೋ ಕುಣಿಗಲ್ ಬಸ್ಸು ದಾರೀಲೇ ನಿಲ್ಲಬಹುದಿತ್ತು. ತುಮಕೂರಿನ ಲ್ಯಾಬಿನವರು ನನ್ನ ರಿಪೋರ್ಟನ್ನು ಇನ್ಯಾರಿಗೋ ಕೊಡಬಹುದಿತ್ತು. ಡಾಕ್ಟರು ರಜೆ ಹಾಕಬಹುದಿತ್ತು, ನಾನು ಮೆಟ್ಟಿಲ ಮೇಲೇ ತಲೆ ತಿರುಗಿ ಬೀಳಬಹುದಿತ್ತು. ಅಷ್ಟೇ ಯಾಕೆ, ನನ್ನ ಸೋದರಮಾವ ಪೂರ್ತಿ ಒಂದು ವಾಕ್ಯ ಹೇಳಿಬಿಡಬಹುದಿತ್ತು! ಆ ಕೊನೆಯದಕ್ಕೆ ಮಾತ್ರ ನಾನು ಹೆದರಿರಲಿಲ್ಲ. ಮಾವ ಅಂಥ ತಪ್ಪು ಮಾಡೋರಲ್ಲ.

ಅವರು ಅಂಚೆ ಕಚೇರೀಲಿ ತಂತಿ ಕಳಿಸೋ ಗುಮಾಸ್ತರಾಗಿದ್ದೋರು. ಪದಕ್ಕಿಷ್ಟು ಅಂತ ಕಾಸು, ಅದಕ್ಕೇ ಜನ ಬರೆದು ತಂದ ಗೋಳಿನಲ್ಲಿ ದಂಡದ ಪದಗಳನ್ನೆಲ್ಲ ಹೊಡೆದುಹಾಕೋದೇ ಕೆಲಸ. ತಂತಿ ನಿಂತು ಎಷ್ಟೋ ವರ್ಷವಾದರೂ ಅಭ್ಯಾಸ ನಿಂತಿಲ್ಲ. ನನ್ನ ಮದುವೇಲಿ ಅಕ್ಷತೆ ಹಾಕಿ ಹರಸಿದ್ದು ಹೇಗೆ ಗೊತ್ತೇ? "ಶುಭ. ಊಟ ಯಾವ್ ಕಡೆ?"

ಈಗ ಆ ಕತ್ತರಿ ಮೊಬೈಲಿನಲ್ಲಿ ಹುಡುಕೋ ಮಾತಿನ ಮೇಲೆ ಬಿದ್ದಿದೆ. ಒಮ್ಮೆ ಅವರ ಹೆಂಡತಿ, ನಮ್ಮತ್ತೆ, ಫೋನನ್ನು ಬಾಯಿಗೆ ಹಿಡಿದು, "ನೋಡಪ್ಪ, ನಾಳೆ ಗುಬ್ಬಿಯಿಂದ ಬೀಗರು ಬರ್ತಾವ್ರೆ, ಒಬ್ಬಟ್ಟಿನ ಕಣಕ ಹರ್ದೋಯ್ತಾ ಐತೆ, ಏನ್ಮಾಡ್ಲಿ?" ಅಂದರು. ಫೋನಿನಲ್ಲಿ ಗುಬ್ಬಿ ಬಸ್ಸುಗಳ ಟೈಮು ಬಂತು! ಮಾವ ಕಿತ್ಕೊಂಡು "ಒಬ್ಬಟ್ಟು ಕಣಕ ಹರಿಯಲು ಕಾರಣ" ಅಂತ ಒತ್ತಿದರು. ಕಾರಣಗಳು ಸಾಲಾಗಿ ಬಂದು ನಿಂತವು.

"ಬೀಗರ ವಿಷ್ಯ ಅದಕ್ಯಾಕೆ?"

"ತಿನ್ನೋರು ಅವ್ರೇ ಅಲ್ವಾ!" ಅಂದರು ಅತ್ತೆ.

ಹೋದ ತಿಂಗಳು ನನ್ನ ಕುತ್ತಿಗೇಲಿ ಒಂದು ಗಂಟು ಕಂಡಿತು. ಡಾಕ್ಟರು ಪರೀಕ್ಷೆಗೆ ಬರೆದರು. ನಾನು ಹುಡುಕಿದ್ದು: "ಕುತ್ತಿಗೆ ಗಂಟು ಕ್ಯಾನ್ಸರ್ ಎಷ್ಟು ದಿನ ಬದುಕ್ತಾರೆ". ಬಂದದ್ದನ್ನು ಓದ್ತಾ ಓದ್ತಾ, ನನ್ನ ತಿಥಿಗೆ ಅಡುಗೆಯವರು ಯಾರು ಅನ್ನೋವರೆಗೂ ಹೋಗಿದ್ದೆ. ನನ್ನ ನೋಡೋಕೆ ಬಂದಿದ್ದ ಮಾವ ಫೋನಿಗೆ ಇಣುಕಿದರು.

"ಕ್ಯಾನ್ಸರ್ ಅಂದೋರ್ಯಾರು?"

"ಯಾರೂ ಇಲ್ಲ ಮಾವ, ನಾನೇ."

"ಉತ್ತರ ನೀನೇ ಬರ್ದು ಪ್ರಶ್ನೆ ಅಂತೀಯಲ್ಲೇ! ಭಯ ತೆಗಿ. ಚೀಟೀಲಿರೋದು ಹಾಕು."

"ಥೈರಾಯ್ಡ್ ಗಂಟು ಸೂಜಿ ಪರೀಕ್ಷೆ" ಅಂತ ಹಾಕಿದೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಸಾಧುಪ್ರಾಣಿಗಳು, ಪರೀಕ್ಷೆ ಮಾಡಿಸಿ ನೋಡಿ ಅಂತ ಬಂತು. ಅದೇ ಧೈರ್ಯದಲ್ಲಿ ಸೂಜಿ ಚುಚ್ಚಿಸಿಕೊಂಡೆ.

ರಿಪೋರ್ಟಿನ ದಿನ ಬಸ್ಸು ನಿಲ್ಲಲಿಲ್ಲ, ಡಾಕ್ಟರಿದ್ದರು, ನಾನು ಬೀಳಲಿಲ್ಲ. ಗಂಟೂ ಸಾಧುವೇ! ಹೊರಗೆ ಬೆಂಚಿನ ಮೇಲೆ ಕಾಯ್ತಿದ್ದ ಮಾವನಿಗೆ ಓಡಿಬಂದು ಹೇಳಿದೆ.

"ಸರಿ. ಕಾಫಿ. ಜಾಗ ಹುಡುಕು," ಅಂತ ಫೋನು ನನ್ನ ಕೈಗಿಟ್ಟು, ಮುಖ ಆ ಕಡೆ ತಿರುಗಿಸಿದರು.

ಹುಡುಕೋ ಜಾಗದಲ್ಲಿ ಆಗಲೇ ಏನೋ ಬರೆದಿತ್ತು: "ನಮ್ಮಕ್ಕನ ಮಗಳು ಒಳಕ್ಕೆ ಹೋಗವ್ಳೆ ನಾನೇ ಎತ್ತಾಡ್ಸಿ ಬೆಳೆಸಿದ ಮಗು ಬಲೇ ಪುಕ್ಕಲು ಅವ್ಳಿಗೆ ಏನೂ ಆಗಿಲ್ಲ ಅಂತ ಹೇಳಪ್ಪ ದಯವಿಟ್ಟು".

ಆ ದಿನ ಕೆಟ್ಟದ್ದು ಅದೊಂದೇ. ಮಾವ ಒಂದು ಪದಾನೂ ಹೊಡೆದುಹಾಕಿರಲಿಲ್ಲ.